ಅಳಿಸದೆ ಬಿಟ್ಟ ಸಾಲು

ಅಲೆಕ್ಸಾಂಡ್ರಿಯಾದ ಗ್ರಂಥಾಲಯ ಅಂದ್ರೆ ಎಲ್ಲರಿಗೂ ನೆನಪಾಗೋದು ಬೆಂಕಿ. ಕ್ರಿ.ಪೂ. 48ರಲ್ಲಿ ಸೀಸರನ ಕಡೆಯವರು ಹಚ್ಚಿದ ಬೆಂಕಿಗೆ ಎಷ್ಟು ಪುಸ್ತಕ ಸುಟ್ಟವು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಬೀಗ ಜಡಿದ ಬೀರುವನ್ನೇ ಲೈಬ್ರರಿ ಅಂದುಕೊಂಡು ಹಳ್ಳಿಯಲ್ಲಿ ಬೆಳೆದ ನನಗೆ, ಸುಟ್ಟಿದ್ದಕ್ಕಿಂತ ಅಲ್ಲಿ ಓದಿದವರ ಬಗ್ಗೆಯೇ ಕುತೂಹಲ.

ಪುಸ್ತಕ ಸೇರಿಸಿದ ರೀತಿಯೇನೂ ಚೆನ್ನಾಗಿರಲಿಲ್ಲ. ವೈದ್ಯ ಗೇಲನ್ ಬರೆದಿಟ್ಟಂತೆ, ಬಂದರಿಗೆ ಬಂದ ಹಡಗುಗಳ ಪುಸ್ತಕ ಕಿತ್ತುಕೊಂಡು ಒಡೆಯನಿಗೆ ನಕಲು ಕೊಡ್ತಿದ್ರು. ಅಥೆನ್ಸಿಗೆ 15 ಟ್ಯಾಲೆಂಟ್ ಬೆಳ್ಳಿ ಠೇವಣಿ ಇಟ್ಟು ಈಸ್ಕಿಲಸ್, ಸಾಫೊಕ್ಲಿಸ್, ಯೂರಿಪಿಡೀಸರ ನಾಟಕಗಳನ್ನು ತಂದ ದೊರೆ ಟಾಲೆಮಿ, ಬೆಳ್ಳಿ ಹೋದರೆ ಹೋಗಲಿ ಅಂತ ಮೂಲಪ್ರತಿಯನ್ನೇ ಇಟ್ಟುಕೊಂಡ. ದರೋಡೆ ಅನ್ನದೆ ಇನ್ನೇನನ್ನೋಣ?

ಹೀಗೆ ಊರೂರಿನ ಪ್ರತಿಗಳು ಒಂದೆಡೆ ಸೇರಿದಾಗ, ಒಂದರ ಹೋಮರ್ ಇನ್ನೊಂದರಲ್ಲಿ ಇರಲಿಲ್ಲ. ಗ್ರಂಥಪಾಲಕ ಜೆನೊಡೋಟಸ್ ಅನುಮಾನದ ಸಾಲಿನ ಪಕ್ಕ ಒಂದು ಅಡ್ಡಗೆರೆ ಎಳೆಯೋಕೆ ಶುರುಮಾಡಿದ. ಒಬೆಲೊಸ್ ಅಂತ ಅದರ ಹೆಸರು. ಸಾಲು ಅಲ್ಲೇ ಇರುತ್ತೆ, ಅನುಮಾನವೂ ಇರುತ್ತೆ. ಅರ್ಥವಾಗದ ಕೋಡ್ ಕಂಡರೆ ಡಿಲೀಟ್ ಒತ್ತಿ, ರಾತ್ರಿ 2 ಗಂಟೆಗೆ ಫೋನ್ ಬಂದಾಗ ಕಣ್ಣುಜ್ಜಿಕೊಂಡು ಎದ್ದ ನನ್ನಂಥವನಿಗೆ ಇದರ ಬೆಲೆ ಗೊತ್ತು.

ಆದರೆ ಜೆನೊಡೋಟಸನ ರುಚಿಯ ಬಗ್ಗೆ ನನ್ನ ತಕರಾರಿದೆ. ಇಲಿಯಡ್‌ನ 3ನೇ ಕಾಂಡದಲ್ಲಿ ದೇವತೆ ಅಫ್ರೊಡೈಟಿ, ಹೆಲೆನ್‌ಗೆ ಕೂರಲು ತಾನೇ ಕುರ್ಚಿ ತಂದಿಡ್ತಾಳೆ. ದೇವತೆ ಕುರ್ಚಿ ಹೊರೋದಾ, ಛೆ, ಅಂತ ಅವನು ಆ ಸಾಲುಗಳು ಹೋಮರನದ್ದಲ್ಲ ಅಂದುಬಿಟ್ಟ. ಅವಳು ಮುದುಕಿಯ ವೇಷದಲ್ಲಿದ್ದಾಳೆ, ಮರೆತೆಯಾ ಅನ್ನೋದು ಕ್ರಿ.ಪೂ. 2ನೇ ಶತಮಾನದ ಅರಿಸ್ಟಾರ್ಕಸನ ಕಡೆಯ ಉತ್ತರ. ಈ ವಾಗ್ವಾದ, ಅಂಚಿನ ಗುರುತುಗಳ ಸಮೇತ, ವೆನಿಸ್‌ನಲ್ಲಿರುವ 10ನೇ ಶತಮಾನದ ಹಸ್ತಪ್ರತಿಯೊಂದರಲ್ಲಿ ಉಳಿದಿದೆ. ಕಟ್ಟಡ ಹೋಯ್ತು, ಜಗಳ ಉಳೀತು.

ನನಗೆ ಇಬ್ಬರೂ ಒಪ್ಪಿಗೆಯಿಲ್ಲ. ವೇಷದ ಮಾತು ಪೂರ್ತಿ ನಿಲ್ಲೋದಿಲ್ಲ, ಯಾಕಂದ್ರೆ ಆ ಹೊತ್ತಿಗಾಗಲೇ ಹೆಲೆನ್ ಅವಳ ಗುರುತು ಹಿಡಿದಿದ್ದಾಳೆ. ನಾನು ಪ್ಯಾರಿಸ್ ಹತ್ತಿರ ಹೋಗಲ್ಲ, ಬೇಕಿದ್ರೆ ನೀನೇ ಹೋಗು ಅಂತ ಎದುರಾಡಿಯೂ ಆಗಿದೆ, ಬೆದರಿಕೆ ತಿಂದು ಸುಮ್ಮನಾಗಿಯೂ ಆಗಿದೆ. ಇಷ್ಟಾದ ಮೇಲೆ ಪ್ಯಾರಿಸನ ಎದುರಿಗೇ ಕುರ್ಚಿ ತಂದಿಡೋ ಅಫ್ರೊಡೈಟಿ ಸೇವೆ ಮಾಡ್ತಿಲ್ಲ. ಕೂತ್ಕೋ ಅಂತಿದ್ದಾಳೆ.