1,817 ಓಟಿಗೆ ಕಾರಣ ಯಾವುದು?

ಎಲೆಕ್ಷನ್ ರಿಸಲ್ಟ್ ಬಂದ ಸಂಜೆ ಟಿವಿ ಹಾಕಿದರೆ ಎಲ್ಲದಕ್ಕೂ ಕಾರಣ ರೆಡಿ ಇರುತ್ತೆ. ಅಲೆ, ಜಾತಿ ಲೆಕ್ಕ, ಮೈತ್ರಿ, ಗ್ಯಾರಂಟಿ. ಬೆಳಿಗ್ಗೆವರೆಗೂ ಏನೂ ಗೊತ್ತಿರದವರಿಗೆ ಸಂಜೆಗೆ ಎಲ್ಲಾ ಗೊತ್ತಾಗಿಬಿಟ್ಟಿರುತ್ತೆ. ಈ ಕಾರಣಗಳನ್ನ ನಮ್ಮ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲೇ ಒಂದೊಂದಾಗಿ ಟೆಸ್ಟ್ ಮಾಡಿ ನೋಡೋಣ. ನಂಜನಗೂಡು, ತಿ. ನರಸೀಪುರ ಎರಡೂ ಇದರೊಳಗೇ ಬರುತ್ತವೆ.

ಮೊದಲು ಅಲೆ. 2014ರಲ್ಲಿ ಮೋದಿ ಅಲೆ ಇದ್ದದ್ದು ಯಾರಿಗೆ ಗೊತ್ತಿಲ್ಲ? ಆದರೂ ಇಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ 1,41,182 ಓಟಿನಿಂದ ಗೆದ್ದರು. 2019ರಲ್ಲಿ ಅದೇ ಧ್ರುವನಾರಾಯಣ ಬಿಜೆಪಿಯ ವಿ. ಶ್ರೀನಿವಾಸಪ್ರಸಾದ್ ಎದುರು 1,817 ಓಟಿನಿಂದ ಸೋತರು. ತಮಾಷೆ ಏನಪ್ಪಾ ಅಂದ್ರೆ, ಗೆದ್ದಾಗ ಅವರಿಗೆ ಬಿದ್ದದ್ದು 5,67,782, ಸೋತಾಗ 5,66,720. ಅವರ ಓಟು ಹೆಚ್ಚೂಕಮ್ಮಿ ಇದ್ದಲ್ಲೇ ಇತ್ತು. ಎದುರಿನ ಓಟು ಒಂದು ಲಕ್ಷದ ನಲವತ್ತು ಸಾವಿರದಷ್ಟು ಬೆಳೆದಿತ್ತು.

ಇನ್ನು ಮೈತ್ರಿ ಲೆಕ್ಕ. 2014ರಲ್ಲಿ ಜೆಡಿಎಸ್ ಬೇರೆ ನಿಂತಿತ್ತು, 2019ರಲ್ಲಿ ಕಾಂಗ್ರೆಸ್ ಜೊತೆಗಿತ್ತು. ಕೂಡಿಸಿದರೆ ಓಟು ಜಾಸ್ತಿ ಆಗಬೇಕಿತ್ತಲ್ಲ? ಆಗಲಿಲ್ಲ. 2024ಕ್ಕೆ ಜೆಡಿಎಸ್ ಬಿಜೆಪಿ ಕಡೆ ಹೋಯಿತು. ಆಗ ಕಾಂಗ್ರೆಸ್‌ನ ಸುನಿಲ್ ಬೋಸ್ 1 ಲಕ್ಷ 88 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಕೂಡಿಸೋ ಲೆಕ್ಕ ಎರಡು ಸಲವೂ ಫೇಲ್.

ವ್ಯಕ್ತಿ ನೋಡಿ ಓಟು ಹಾಕ್ತಾರೆ ಅಂತೀರಾ? 2019ಕ್ಕೆ ಮೊದಲೇ ಐದು ಸಲ ಇಲ್ಲಿಂದ ಎಂಪಿ ಆಗಿದ್ದವರು ಶ್ರೀನಿವಾಸಪ್ರಸಾದ್. ಆದರೆ 2017ರ ಉಪಚುನಾವಣೆಯಲ್ಲಿ ಅದೇ ವ್ಯಕ್ತಿಯನ್ನ ನಂಜನಗೂಡಿನ ಜನ 21 ಸಾವಿರಕ್ಕೂ ಹೆಚ್ಚು ಓಟಿನಿಂದ ಸೋಲಿಸಿದ್ದರು. ಗ್ಯಾರಂಟಿ ಅಂತೀರಾ? ಅದು ಇಡೀ ರಾಜ್ಯಕ್ಕೆ ಕೊಟ್ಟದ್ದು. 2024ರಲ್ಲಿ 28ರಲ್ಲಿ ಕಾಂಗ್ರೆಸ್‌ಗೆ ಬಂದದ್ದು 9 ಸೀಟು.

ಹಾಗಂತ ಇವು ಯಾವುದೂ ಕೆಲಸ ಮಾಡಲ್ಲ ಅಂತಲ್ಲ. ಯಾವುದೂ ಒಂಟಿಯಾಗಿ ಕೆಲಸ ಮಾಡಲ್ಲ. ಸಾಫ್ಟ್‌ವೇರ್‌ನಲ್ಲೂ ದೊಡ್ಡ ತೊಂದರೆ ಆಗೋದು ನಾಲ್ಕು ಸಣ್ಣ ವಿಷಯ ಒಂದೇ ಹೊತ್ತಿಗೆ ಕೂಡಿಕೊಂಡಾಗ. ಮೀಟಿಂಗ್‌ನಲ್ಲಿ ಮಾತ್ರ ಎಲ್ಲರಿಗೂ ಒಂದೇ ಕಾರಣ ಬೇಕು. ಸ್ಲೈಡ್‌ನಲ್ಲಿ ಹಾಕಕ್ಕೆ ಅದು ಸುಲಭ.

ಟಿವಿಯವರ ಲೆಕ್ಕಕ್ಕೆ ಸಿಗದ ಇನ್ನೊಂದಿದೆ, ಜನ ನಿಜ ಹೇಳಲ್ಲ. ನಮ್ಮವ್ವನ್ನ ಕೇಳಿದೆ, ‘ಕೇಳಕ್ ಬಂದೋರಿಗೆ ಏನಂತೀಯಾ?’ ಅಂತ. ‘ಇನ್ನೇನಂತಾರಪ್ಪ, ನಿಮ್ಗೇ ಹಾಕ್ತೀವಿ ಅಂತೀವಿ. ಊರಲ್ಲಿ ಬಾಳ್ಬೇಕಲ್ವಾ’ ಅಂದಳು. 2024ರ ಎಕ್ಸಿಟ್ ಪೋಲ್‌ಗಳಲ್ಲಿ ಬಹುತೇಕ ಎಲ್ಲವೂ ಎನ್‌ಡಿಎಗೆ 350 ದಾಟಿಸಿದ್ದವು. ಬಿಜೆಪಿ 240ಕ್ಕೆ ನಿಂತಿತು. ಅದನ್ನ ನೋಡಿದಾಗ ನನಗೆ ಅವ್ವನ ಮಾತೇ ನೆನಪಾಯ್ತು.

ಇನ್ನು ಓಟೇ ಹಾಕದವರು. 2024ರಲ್ಲಿ ಇದೇ ಕ್ಷೇತ್ರದ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ, ರಸ್ತೆ ನೀರು ಇಲ್ಲದ ಸಿಟ್ಟಿಗೆ ಮತದಾನ ಬಹಿಷ್ಕಾರ ಅಂದರು. ಗಲಾಟೆಯಾಗಿ ಮತಯಂತ್ರ ಒಡೆದು, ಮರುಮತದಾನ ಆಯಿತು. ಆ ಸಿಟ್ಟನ್ನ ಬರೆಯೋಕೆ ಯಾವ ಗ್ರಾಫಿಕ್ಸ್‌ನಲ್ಲಿ ಜಾಗ ಇದೆ?

ಓಟು ಹಾಕದವರ ಪಟ್ಟಿಯಲ್ಲಿ ನಾನೂ ಇದ್ದೀನಿ. 2019ರ ಏಪ್ರಿಲ್ 18, ಗುರುವಾರ. ಹಿಂದಿನ ದಿನ ಮಹಾವೀರ ಜಯಂತಿ, ಮಾರನೇ ದಿನ ಗುಡ್ ಫ್ರೈಡೇ. ಬಸ್ಸೆಲ್ಲಾ ರಶ್ಶು ಅಂತ ನೆಪ ಹೇಳಿ ಬೆಂಗಳೂರಲ್ಲೇ ಉಳಿದೆ. ‘ನನ್ನ ಒಂದು ಓಟಿಂದ ಏನಾಗುತ್ತೆ’ ಅಂತ ಅವತ್ತು ರೂಮ್‌ಮೇಟ್ ಹತ್ರ ಹೇಳಿದ್ದೂ ನೆನಪಿದೆ. ಒಂದು ಲೋಕಸಭಾ ಕ್ಷೇತ್ರದಲ್ಲಿ ಸುಮಾರು ಎರಡು ಸಾವಿರ ಮತಗಟ್ಟೆ. 1,817 ಅಂದ್ರೆ ಮತಗಟ್ಟೆಗೆ ಒಂದು ಓಟು ಕೂಡಾ ಅಲ್ಲ. ಇದೇ ಸೀಮೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಧ್ರುವನಾರಾಯಣ ಅಸೆಂಬ್ಲಿಗೆ ಗೆದ್ದದ್ದು ಬರೀ ಒಂದು ಓಟಿನಿಂದ. ಅದನ್ನ ಕೇಳಿಕೊಂಡೇ ಬೆಳೆದವನು ನಾನು. ಆದರೂ ಹೋಗಲಿಲ್ಲ.

ಯಾರಿಗೆ ಹಾಕ್ತಿದ್ದೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಆದರೆ ಎಲ್ಲವನ್ನೂ ಅಲೆ, ಜಾತಿ ಅಂತ ಹಂಚಿಬಿಟ್ಟರೆ ನನ್ನಂಥವರು ಆರಾಮಾಗಿ ತಪ್ಪಿಸಿಕೊಳ್ತೀವಿ. ಗೆದ್ದವರೂ ಅಷ್ಟೇ: ಅಲೆಯಿಂದ ಗೆದ್ದೆ ಅಂದುಕೊಂಡವರು ಇಂಡಿಗನತ್ತದ ರಸ್ತೆ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ತಾರೆ?

2024ರ ಏಪ್ರಿಲ್ 26ಕ್ಕೆ ಹಿಂದಿನ ರಾತ್ರಿಯೇ ಬಸ್ ಹತ್ತಿದೆ. ಮೈಸೂರಿಂದ ನರಸೀಪುರದ ತನಕ ನಿಂತುಕೊಂಡೇ ಹೋದೆ. ಅಂತರ ಲಕ್ಷ ದಾಟಿತು, ನನ್ನ ಓಟು ಲೆಕ್ಕಕ್ಕೇ ಬರಲಿಲ್ಲ. ಪರವಾಗಿಲ್ಲ. ಅದು ಲೆಕ್ಕಕ್ಕೆ ಬರೋ ವರ್ಷ ಯಾವುದು ಅಂತ ಮೊದಲೇ ಯಾರೂ ಹೇಳಲ್ಲ.