ಬಾಕ್ಸಿನ ಲೆಕ್ಕಕ್ಕೆ ಸೇರದ ಖರ್ಚು

ಕೋಲಾರದ ಟೊಮೆಟೊ ಅಗ್ಗ, ಹಾಗಾಗಿ ರಫ್ತಿನ ಪೈಪೋಟಿಯಲ್ಲಿ ಅದಕ್ಕೆ ಸೋಲಿಲ್ಲ ಎಂಬ ಮಾತು ಮಂಡಿಯಲ್ಲೂ ಕೇಳಿಬರುತ್ತದೆ, ಕಚೇರಿಗಳಲ್ಲೂ ಕೇಳಿಬರುತ್ತದೆ. ಆ ಅಗ್ಗದ ಬೆಲೆಯನ್ನು ಯಾರು ತುಂಬಿಕೊಡುತ್ತಿದ್ದಾರೆ ಎಂದು ವಿಚಾರಿಸದೆ ಇದನ್ನು ಒಪ್ಪಿಕೊಳ್ಳುವುದು ಸರಿಯಲ್ಲ.

ಟೊಮೆಟೊ ಇಡುವುದೆಂದರೆ ಮೊದಲೇ ದುಡ್ಡು ಸುರಿಯಬೇಕು. ನರ್ಸರಿಯ ನಾರು, ಗೊಬ್ಬರ, ಮಲ್ಚಿಂಗ್ ಶೀಟ್, ಡ್ರಿಪ್ ಪೈಪು, ನೀಲಗಿರಿ ಕಡ್ಡಿ, ದಾರ. ಗಿಡ ಏಳುತ್ತಿದ್ದಂತೆ ಕಡ್ಡಿ ನೆಟ್ಟು ದಾರ ಎಳೆಯಬೇಕು. ಅದು ಇನ್ನಷ್ಟು ಎತ್ತರವಾದಾಗ ಮತ್ತೊಂದು ಸಾಲು ದಾರ. ಬಿಳಿನೊಣ ತರುವ ಬಿಂಗಿ ರೋಗ ಹಳೆಯ ಕಾಟ. 2014ರಲ್ಲಿ ದೇಶಕ್ಕೆ ಕಾಲಿಟ್ಟ ಟೂಟಾ ಹುಳು, ರೈತರ ಬಾಯಲ್ಲಿ ಊಜಿ, ಔಷಧಿಯ ಖರ್ಚನ್ನು ಇನ್ನೂ ಏರಿಸಿತು. ಇವೆಲ್ಲಕ್ಕೂ ಅಂಗಡಿಯ ಚೀಟಿ ಇರುತ್ತದೆ. ಬೆಳಗಾಗುವ ಮುಂಚೆ ಮೋಟಾರು ಹಾಕಲು ಹೋದ ಗಂಡನ ದುಡಿಮೆಗೆ, ದಿನವಿಡೀ ದಾರ ಕಟ್ಟಿದ ಹೆಂಡತಿಯ ಕೂಲಿಗೆ ಯಾವ ಚೀಟಿಯೂ ಇಲ್ಲ. ಬೆಂಬಲ ಬೆಲೆಯಿರುವ ಬೆಳೆಗಳಿಗಾದರೆ ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವು ಮನೆಮಂದಿಯ ದುಡಿಮೆಗೂ ಬೆಲೆ ಕಟ್ಟುತ್ತದೆ. ಸಿ2 ಎಂಬ ಲೆಕ್ಕದಲ್ಲಿ ಸ್ವಂತ ಭೂಮಿಯ ಗೇಣಿಯೂ ಬಂಡವಾಳದ ಬಡ್ಡಿಯೂ ಸೇರುತ್ತವೆ. ಟೊಮೆಟೊಗೆ ಬೆಂಬಲ ಬೆಲೆಯೇ ಇಲ್ಲ. ಬತ್ತಿದ ಬೋರ್‌ವೆಲ್ ಪಕ್ಕದಲ್ಲಿ ಹೊಸದನ್ನು ಕೊರೆಸಿದ ಸಾಲವಂತೂ ಯಾವ ಬೆಳೆಯ ಲೆಕ್ಕಕ್ಕೂ ಹತ್ತದೆ ಮನೆಯ ಮೇಲೆ ಕೂತಿರುತ್ತದೆ.

ಹಣ್ಣು ಬಿಡಿಸಿದ ಮೇಲಿನ ಖರ್ಚು ಇನ್ನೂ ನಿರ್ದಯ. 15 ಕಿಲೋ ಬಾಕ್ಸಿಗೆ ಹರಾಜಿನಲ್ಲಿ 1,500 ರೂಪಾಯಿ ಸಿಗಲಿ, 60 ರೂಪಾಯಿ ಸಿಗಲಿ, ಬಿಡಿಸುವ ಕೂಲಿಯಾಗಲಿ ಗಾಡಿ ಬಾಡಿಗೆಯಾಗಲಿ ಇಳಿಯುವುದಿಲ್ಲ. 60 ರೂಪಾಯಿ ಎಂದರೆ ಕಿಲೋಗೆ ನಾಲ್ಕು. ಆ ದರಕ್ಕೆ ಬಿಡಿಸುವುದಕ್ಕಿಂತ ಹಣ್ಣನ್ನು ಗಿಡದಲ್ಲೇ ಬಿಡುವುದು ಲಾಭ. ರಸ್ತೆ ಬದಿ ಸುರಿದ ಟೊಮೆಟೊ ಕಂಡು ರೈತನಿಗೆ ತಾಳ್ಮೆಯಿಲ್ಲ ಎನ್ನುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಲಿ.

ಇನ್ನು ರಫ್ತು. ದೂರದ ಲಾರಿಗೆ ದೋರುಗಾಯಿಯನ್ನೇ ಬಿಡಿಸುತ್ತಾರೆ, ಸಿಪ್ಪೆ ಗಟ್ಟಿಯಿರುವ ತಳಿಯನ್ನೇ ಇಡುತ್ತಾರೆ. ಆದರೂ ಬಾಂಗ್ಲಾದೇಶದ ಕಡೆ ಹೋಗುವ ಮಾಲು ಅಲ್ಲಿಗೆಂದೇ ಬೆಳೆದದ್ದಲ್ಲ. ಮಂಡಿಯಲ್ಲಿ ಆ ದಿನ ಕೊಂಡವರು ಎಲ್ಲಿಗೆ ಕಳಿಸಿದರೋ ಅಲ್ಲಿಗೆ ಹೋದದ್ದು. ಗಡಿಯಾಚೆಯ ದಾರಿಯೂ ಯಾವಾಗ ಮುಚ್ಚುತ್ತದೋ ಹೇಳಲಾಗದು. 2019ರ ಆಗಸ್ಟ್‌ನಲ್ಲಿ ಪಾಕಿಸ್ತಾನ ನಮ್ಮೊಂದಿಗಿನ ವ್ಯಾಪಾರ ನಿಲ್ಲಿಸಿತು. 2024ರ ಆಗಸ್ಟ್‌ನಲ್ಲಿ ಢಾಕಾದ ಸರ್ಕಾರ ಉರುಳಿದಾಗ ಪೆಟ್ರಾಪೋಲ್ ಗಡಿಯಲ್ಲಿ ಲಾರಿಗಳು ನಿಂತವು. ಇತ್ತ 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿದಾಗ ಕಳಿಸಲು ಮಾಲೇ ಇರಲಿಲ್ಲ. ಮುಂದಿನ ತಿಂಗಳು ನಾವೇ ನೇಪಾಳದಿಂದ ತರಿಸಿಕೊಂಡೆವು. ಹೆಚ್ಚಾದದ್ದನ್ನು ಗಡಿ ದಾಟಿಸುವುದಕ್ಕೆ ರಫ್ತು ಕೃಷಿ ಎಂಬ ಹೆಸರು ಒಪ್ಪುವುದಿಲ್ಲ.

ಮೊರಾಕ್ಕೊದ ಸೂಸ್ ಕಣಿವೆಯಲ್ಲಿ ಮೊದಲಿನಿಂದಲೂ ಯುರೋಪಿನ ಚಳಿಗಾಲದ ಮಾರುಕಟ್ಟೆಯ ಮೇಲೆ ಕಣ್ಣಿಟ್ಟು ಟೊಮೆಟೊ ಬೆಳೆಯುತ್ತಾರೆ. ಯುರೋಪಿನ ಒಕ್ಕೂಟ ಪಟ್ಟಿ ಮಾಡದ ಕೀಟನಾಶಕದ ಉಳಿಕೆ ಕಿಲೋ ಹಣ್ಣಿಗೆ 0.01 ಮಿಲಿಗ್ರಾಂ ಮೀರುವಂತಿಲ್ಲ; ಹಾಗಾಗಿ ಯಾವ ಔಷಧಿ, ಯಾವತ್ತು ಹೊಡೆದದ್ದು ಎಂಬ ದಾಖಲೆ ತೋಟದಲ್ಲೇ ಶುರುವಾಗಬೇಕು. ಆ ಶಿಸ್ತು ನನಗೆ ಮೆಚ್ಚುಗೆ. ಆದರೆ ಅವರೂ ಅಂತರ್ಜಲವನ್ನು ಲೆಕ್ಕವಿಲ್ಲದೆ ಹೀರಿದವರೇ. 2022ರಿಂದ ಅಗಾದಿರ್ ಹತ್ತಿರದ ಚ್ತೂಕಾದಲ್ಲಿ ದಿನಕ್ಕೆ 2.75 ಲಕ್ಷ ಘನ ಮೀಟರ್ ಸಮುದ್ರದ ನೀರನ್ನು ಸಿಹಿಯಾಗಿಸಬಲ್ಲ ಘಟಕ ಕೆಲಸ ಮಾಡುತ್ತಿದೆ. ಅದರ ಹೆಚ್ಚುಕಡಿಮೆ ಅರ್ಧ ಹೊಲಗಳಿಗೆ. ಪುಕ್ಕಟೆ ಎಂದುಕೊಂಡಿದ್ದ ನೀರಿಗೆ ಅಲ್ಲಿ ಈಗ ಬಿಲ್ಲು ಬರುತ್ತದೆ.

ಕೋಲಾರಕ್ಕೆ ಸಮುದ್ರವಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬಂದಿದೆ, ಅದೂ ಎರಡೇ ಹಂತದ ಸಂಸ್ಕರಣೆ ಮುಗಿಸಿ. ಮೂರನೇ ಹಂತ ಬೇಕೆಂದು ಜಿಲ್ಲೆಯ ಜನ ಬೀದಿಗಿಳಿದರು. ಇದು ಆರೋಗ್ಯದ ಪ್ರಶ್ನೆ ಮಾತ್ರವಲ್ಲ, ನಾಳೆ ದೂರದೇಶದ ಖರೀದಿದಾರ ನೀರಿನ ಮೂಲ ಕೇಳಿದಾಗ ಕೊಡಬೇಕಾದ ಉತ್ತರವೂ ಹೌದು. ರಫ್ತೇ ಗುರಿಯಾದರೆ, ನಾರು ನೆಡುವ ಮೊದಲೇ ಕೊಳ್ಳುವವರು, ಕನಿಷ್ಠ ದರ, ಹೊಡೆಯಬಹುದಾದ ಔಷಧಿ ಇಷ್ಟೂ ಬರಹದಲ್ಲಿರಲಿ. ಆ ದರದೊಳಗೆ ಮನೆಯವರ ಕೂಲಿ ಮತ್ತು ಬೋರ್‌ವೆಲ್ ಸಾಲದ ಕಂತು ಸೇರಿರಲಿ. ಅಷ್ಟನ್ನೂ ಸೇರಿಸಿದ ಮೇಲೆ ಬಾಕ್ಸಿನ ಬೆಲೆ ಢಾಕಾದಲ್ಲಿ ದುಬಾರಿ ಎನಿಸಿದರೆ, ರಫ್ತಿನ ಗುರಿ ಹಾಕುವವರು ಮೊದಲು ಅದನ್ನು ಬೆಳೆಗಾರನಿಗೆ ತಿಳಿಸಬೇಕು. ಆಗ ಅವನು ಆ ಎಕರೆಯಲ್ಲಿ ರಾಗಿಯನ್ನಾದರೂ ಹಾಕಿಕೊಳ್ಳಬಹುದು.