ಸ್ಯಾಂಡ್ ಕೇವ್ ಪ್ರಕರಣ: ಚಲಚ್ಚಿತ್ರದ ತೀರ್ಪು, ಚರಿತ್ರೆಯ ಸಾಕ್ಷ್ಯ

ಬಿಲ್ಲಿ ವೈಲ್ಡರನು ನಿರ್ದೇಶಿಸಿದ 'ಏಸ್ ಇನ್ ದ ಹೋಲ್' ಎಂಬ ಅಮೆರಿಕನ್ ಚಲಚ್ಚಿತ್ರವು 1951ರಲ್ಲಿ ಪ್ರದರ್ಶನಕ್ಕೆ ಬಂದಾಗ ಪ್ರೇಕ್ಷಕರು ಅದನ್ನು ಆದರಿಸಲಿಲ್ಲ. ಪ್ಯಾರಮೌಂಟ್ ಸಂಸ್ಥೆಯು ಅದರ ಹೆಸರನ್ನೇ 'ದ ಬಿಗ್ ಕಾರ್ನಿವಲ್' ಎಂದು ಬದಲಾಯಿಸಿ ನೋಡಿತು. ಅದರಿಂದಲೂ ಫಲ ದೊರೆಯಲಿಲ್ಲ. ಕಾಲಕ್ರಮದಲ್ಲಿ ಆ ಚಿತ್ರದ ಕೀರ್ತಿ ಹೆಚ್ಚುತ್ತ ಬಂದಿದ್ದು, ಇಂದು ವೃತ್ತಪತ್ರಿಕೆಗಳ ನೀತಿಯನ್ನು ಕುರಿತ ಚರ್ಚೆಗಳಲ್ಲಿ ಅದು ಒಂದು ಪ್ರಮಾಣಗ್ರಂಥದಂತೆ ಉದಾಹೃತವಾಗುತ್ತಿದೆ. ಅದರ ಕಲಾಮೌಲ್ಯವನ್ನು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಚರಿತ್ರೆಯ ಅಭ್ಯಾಸಿಗೆ ಅದರಲ್ಲಿ ಬೇರೊಂದು ಪ್ರಶ್ನೆಯುಂಟು. ಚಿತ್ರದ ನಾಯಕನಾದ ಬಾತ್ಮೀದಾರನು 1925ರ ಫ್ಲಾಯ್ಡ್ ಕಾಲಿನ್ಸ್ ಪ್ರಕರಣವನ್ನು ಹೆಸರೆತ್ತಿ ಸ್ಮರಿಸುತ್ತಾನೆ. ಆ ಪ್ರಕರಣವನ್ನು ವರದಿ ಮಾಡಿದವನಿಗೆ ಪುಲಿಟ್ಜರ್ ಪ್ರಶಸ್ತಿ ದೊರಕಿದುದನ್ನು ಆಸೆಗಣ್ಣಿನಿಂದ ನೆನೆಯುತ್ತಾನೆ. ಹೀಗೆ ಚಿತ್ರವು ತಾನಾಗಿಯೇ ಒಂದು ವಾಸ್ತವ ಘಟನೆಯೊಡನೆ ಸಂಬಂಧವನ್ನು ಘೋಷಿಸಿಕೊಂಡಿದೆ. ಆದುದರಿಂದ ಅದು ಕೊಡುವ ತೀರ್ಪು ಆ ಘಟನೆಯ ಸಾಕ್ಷ್ಯದ ಮುಂದೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂದು ಕೇಳುವುದು ಅನುಚಿತವಾಗಲಾರದು.

1

ಮೊದಲು ಘಟನೆ. ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ ಮ್ಯಾಮತ್ ಕೇವ್ ಎಂಬ ಮಹಾಗುಹೆಯಿದೆ. ಅದರ ಸುತ್ತಣ ಸುಣ್ಣಕಲ್ಲಿನ ನಾಡಿನ ರೈತರಿಗೆ ಬೇಸಾಯದಿಂದ ದೊರೆಯುವ ಆದಾಯ ಅತ್ಯಲ್ಪ. ಹೊಲದಡಿಯಲ್ಲೊಂದು ಗುಹೆ ದೊರೆತರೆ ಅದನ್ನು ಪ್ರವಾಸಿಗಳಿಗೆ ತೋರಿಸಿ ಕಾಸು ಸಂಪಾದಿಸುವುದು ಅಲ್ಲಿಯ ವಾಡಿಕೆಯಾಗಿದ್ದಿತು. ಗುಹೆಗಳ ಒಡೆಯರು ದಾರಿಯಲ್ಲಿ ಆಳುಗಳನ್ನು ನಿಲ್ಲಿಸಿ ಒಬ್ಬರ ಗಿರಾಕಿಗಳನ್ನು ಇನ್ನೊಬ್ಬರು ಸೆಳೆದುಕೊಳ್ಳುತ್ತಿದ್ದರು. 1887ರಲ್ಲಿ ಹುಟ್ಟಿದ ಫ್ಲಾಯ್ಡ್ ಕಾಲಿನ್ಸನು ಬಾಲ್ಯದಿಂದಲೂ ಗುಹೆಗಳಲ್ಲಿ ನುಸುಳಿ ಬೆಳೆದವನು. 1917ರಲ್ಲಿ ತನ್ನ ಮನೆತನದ ಹೊಲದಲ್ಲಿಯೇ ಅವನು ಸುಂದರವಾದೊಂದು ಗುಹೆಯನ್ನು ಕಂಡುಹಿಡಿದನು. ಅದಕ್ಕೆ ಕ್ರಿಸ್ಟಲ್ ಕೇವ್ ಎಂದು ಹೆಸರಾಯಿತು. ಆದರೆ ಅದು ಹೆದ್ದಾರಿಯಿಂದ ಬಹುದೂರ. ಬರುವ ಜನ ವಿರಳ. ರಸ್ತೆಗೆ ಹತ್ತಿರವಾದ ಮತ್ತೊಂದು ಗುಹೆಯನ್ನು ಅರಸುತ್ತ ಅವನು ಸ್ಯಾಂಡ್ ಕೇವ್ ಎಂಬ ಇಕ್ಕಟ್ಟಾದ ಬಿಲವನ್ನು ಹೊಕ್ಕನು. 1925ರ ಜನವರಿ 30ರಂದು ಒಬ್ಬನೇ ಹಿಂದಿರುಗುತ್ತಿದ್ದಾಗ ಸುಮಾರು 27 ಪೌಂಡು ತೂಕದ ಕಲ್ಲೊಂದು ಜಾರಿ ಅವನ ಎಡಗಾಲನ್ನು ಅಮುಕಿತು. ಕಲ್ಲು ದೊಡ್ಡದಲ್ಲ, ಆದರೆ ಅದನ್ನು ಸರಿಸಲು ಕೈಯಾಡಿಸುವಷ್ಟು ಅವಕಾಶ ಆ ಸಂದಿಯಲ್ಲಿರಲಿಲ್ಲ.

ಲೂಯಿವಿಲ್ ನಗರದ 'ಕೊರಿಯರ್ ಜರ್ನಲ್' ಪತ್ರಿಕೆಯು ವಿಲಿಯಂ ಮಿಲ್ಲರ್ ಎಂಬ 21 ವರ್ಷದ ಬಾತ್ಮೀದಾರನನ್ನು ಅಲ್ಲಿಗೆ ಕಳುಹಿಸಿತು. ಮಿಲ್ಲರನು ಅತಿ ಕೃಶಕಾಯನು. ಅದಕ್ಕಾಗಿಯೇ ಗೆಳೆಯರು ಅವನನ್ನು ಸೊಳ್ಳೆಯನ್ನು ನೆನಪಿಸುವ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಇತರರು ಹೋಗಲಾರದ ಆ ಬಿಲದೊಳಕ್ಕೆ ಅವನು ಹಲವು ಬಾರಿ ತಲೆಕೆಳಗಾಗಿ ತೆವಳಿಹೋದನು, ಕಾಲಿನ್ಸನಿಗೆ ಆಹಾರವನ್ನುಣಿಸಿದನು, ಬೆಳಕೂ ಬಿಸಿಯೂ ಇರಲೆಂದು ವಿದ್ಯುದ್ದೀಪವೊಂದನ್ನು ಅವನ ಬಳಿ ಇರಿಸಲು ನೆರವಾದನು, ಜ್ಯಾಕ್ ಇಟ್ಟು ಕಲ್ಲನ್ನೆತ್ತಲು ಯತ್ನಿಸಿದನು. ಮೇಲಕ್ಕೆ ಬಂದಾಗಲೆಲ್ಲ ಕಾಲಿನ್ಸನ ಮಾತುಗಳನ್ನು ಬರೆದು ಕಳುಹಿಸಿದನು. ಆ ವರದಿಗಳನ್ನು ದೇಶದ ಪತ್ರಿಕೆಗಳೆಲ್ಲ ಮುದ್ರಿಸಿದುವು. ಆಗತಾನೆ ಮನೆಮನೆಗೆ ಬರುತ್ತಿದ್ದ ರೇಡಿಯೊ ಅವನ್ನು ಸಾರಿತು. ಆಗ ಇನ್ನೂ ಹೆಸರಾಗದಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ಎಂಬ ತರುಣ ವೈಮಾನಿಕನು ಪತ್ರಿಕೆಗಳಿಗಾಗಿ ಅಲ್ಲಿಯ ಛಾಯಾಚಿತ್ರಗಳನ್ನು ವಿಮಾನದಲ್ಲಿ ಒಯ್ದನು.

ಫೆಬ್ರವರಿ 4ರಂದು ಬಿಲದ ಹಾದಿ ಕುಸಿದು ಮುಚ್ಚಿತು. ಅನಂತರ ಪಕ್ಕದಲ್ಲಿ ಸುಮಾರು 55 ಅಡಿ ಆಳದ ಬಾವಿಯನ್ನು ತೋಡಿ, ಅಡ್ಡ ಸುರಂಗದಿಂದ ಅವನನ್ನು ತಲಪಲು ನಿಶ್ಚಯಿಸಲಾಯಿತು. ಯಂತ್ರಗಳ ಅದುರಿಗೆ ನೆಲ ಕುಸಿದೀತೆಂಬ ಭಯದಿಂದ ಗುದ್ದಲಿ ಸಲಿಕೆಗಳಿಂದಲೇ ಕೆಲಸ ಸಾಗಿತು. ಫೆಬ್ರವರಿ 8ರ ಭಾನುವಾರ ಹತ್ತಾರು ಸಾವಿರ ಜನ ಅಲ್ಲಿ ನೆರೆದರು. ತಿಂಡಿ ಮಾರುವವರು, ಆಟಿಕೆ ಮಾರುವವರು, ಉಪದೇಶ ಮಾಡುವವರು ಎಲ್ಲರೂ ಬಂದರು. ಸಾಯುತ್ತಿರುವವನ ನೆತ್ತಿಯ ಮೇಲೆ ಜಾತ್ರೆ ನೆರೆಯಿತು. ಫೆಬ್ರವರಿ 16ರಂದು ಅಗೆಯುವವರು ಕಾಲಿನ್ಸನನ್ನು ತಲಪಿದಾಗ ಅವನು ಸತ್ತು ಸುಮಾರು ಮೂರು ದಿನಗಳಾಗಿದ್ದುವು. ಮಿಲ್ಲರನಿಗೆ 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು.

2

ಇನ್ನು ಚಿತ್ರದ ಕಥೆ. ದೊಡ್ಡ ನಗರಗಳ ಪತ್ರಿಕೆಗಳಿಂದ ಹೊರದೂಡಲ್ಪಟ್ಟು ನ್ಯೂ ಮೆಕ್ಸಿಕೊ ಸಂಸ್ಥಾನದ ಆಲ್ಬುಕರ್ಕಿಗೆ ಬಂದು ಸೇರಿದ ಚಕ್ ಟೇಟಮ್ ಎಂಬ ಬಾತ್ಮೀದಾರನಿಗೆ, ಲಿಯೊ ಮಿನೋಸ ಎಂಬುವನು ಪುರಾತನ ಗುಹೆಯೊಂದರಲ್ಲಿ ಸಿಕ್ಕಿಕೊಂಡ ಸಂಗತಿ ತಿಳಿಯುತ್ತದೆ. ಗೋಡೆಗಳಿಗೆ ಆಸರೆ ಕೊಟ್ಟು ಒಳಗೆ ಹೋದರೆ ಹದಿನಾರು ಗಂಟೆಗಳಲ್ಲಿ ಅವನನ್ನು ಹೊರತರಬಹುದು. ಆದರೆ ಸುದ್ದಿ ಒಂದು ವಾರ ಬಾಳಬೇಕೆಂದು ಬಯಸಿದ ಟೇಟಮನು ಚುನಾವಣೆಯ ಚಿಂತೆಯಲ್ಲಿದ್ದ ಷೆರೀಫನನ್ನು ಒಳಹಾಕಿಕೊಂಡು, ಬೆಟ್ಟದ ನೆತ್ತಿಯಿಂದ ಕೊರೆಯುವ ದೀರ್ಘಮಾರ್ಗವನ್ನು ಹಿಡಿಸುತ್ತಾನೆ. ಜಾತ್ರೆ ನೆರೆಯುತ್ತದೆ, ಪ್ರವೇಶದ ಶುಲ್ಕ ಏರುತ್ತದೆ, ಲಿಯೊ ಸಾಯುತ್ತಾನೆ, ಕೊನೆಗೆ ಲಿಯೊನ ಹೆಂಡತಿಯ ಕೈಯಿಂದ ಇರಿತಕ್ಕೊಳಗಾದ ಟೇಟಮನೂ ಸಾಯುತ್ತಾನೆ. ಆ ಪಾತ್ರವನ್ನು ವಹಿಸಿದ ಕರ್ಕ್ ಡಗ್ಲಾಸನ ಅಭಿನಯವು ಮರೆಯಲಾಗದಂಥದು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ವೈಲ್ಡರನು ಮಾಡಿದ ಬದಲಾವಣೆಗಳಲ್ಲಿ ಮೂರು ಮುಖ್ಯವೆಂದು ತೋರುತ್ತದೆ. ಒಂದು, ನಿಧಾನದ ಕಾರಣ. ಕೆಂಟಕಿಯಲ್ಲಿ ಬಾವಿ ತೋಡಿದುದು ಹಾದಿ ಕುಸಿದ ಮೇಲೆ, ಅನ್ಯಮಾರ್ಗವಿಲ್ಲದೆ. ಚಿತ್ರದಲ್ಲಿ ಅದೇ ನಿಧಾನವು ಒಬ್ಬನ ಒಳಸಂಚು. ಎರಡು, ಬಾತ್ಮೀದಾರನ ಶೀಲ. ಪ್ರಾಣಾಪಾಯವನ್ನು ಲೆಕ್ಕಿಸದೆ ಬಿಲಕ್ಕಿಳಿದ ಮಿಲ್ಲರನ ಸ್ಥಾನದಲ್ಲಿ, ಮನುಷ್ಯನ ಪ್ರಾಣವನ್ನು ಬಂಡವಾಳವಾಗಿ ಕಾಣುವ ಟೇಟಮನು ನಿಂತಿದ್ದಾನೆ. ಮೂರು, ಸಿಕ್ಕಿಕೊಂಡವನ ಸ್ವಭಾವ. ಲಿಯೊ ಒಬ್ಬ ಸಾಧು, ಇತರರ ಕೈಯ ಗೊಂಬೆ. ಕಾಲಿನ್ಸನಾದರೋ ಪ್ರವಾಸಿಗಳನ್ನು ಸೆಳೆಯುವ ವ್ಯಾಪಾರದಲ್ಲಿ ತಾನೂ ಪಾಲುಗಾರನಾಗಿದ್ದು, ಹೆಸರಾಗುವಂಥ ಗುಹೆಯನ್ನು ಅರಸುತ್ತಲೇ ನೆಲದೊಳಕ್ಕೆ ಇಳಿದವನು.

ಕವಿಗೂ ಚಿತ್ರಕಾರನಿಗೂ ಕಥೆಯನ್ನು ಬದಲಿಸುವ ಸ್ವಾತಂತ್ರ್ಯವುಂಟೆಂಬುದನ್ನು ಯಾರೂ ಅಲ್ಲಗಳೆಯರು. ಆಕ್ಷೇಪವಿರುವುದು ಬದಲಾವಣೆಗೆ ಅಲ್ಲ, ಅದರಿಂದ ಹೊರಡುವ ಸಿದ್ಧಾಂತಕ್ಕೆ. ಟೇಟಮನು ಇಲ್ಲದಿದ್ದರೆ ಲಿಯೊ ಬದುಕುತ್ತಿದ್ದನು. ಚಿತ್ರದ ತರ್ಕವೆಲ್ಲ ಈ ಒಂದು ವಾಕ್ಯದ ಮೇಲೆ ನಿಂತಿದೆ. ನೆರೆದ ಜನರನ್ನೂ ಚಿತ್ರವು ಬಿಡದೆ ಹಂಗಿಸುತ್ತದೆಂಬುದು ನಿಜ. ಆದರೂ ಪಾಪದ ಮೂಲ ಒಬ್ಬನಲ್ಲಿ ನೆಲೆಯಾಗಿ, ಅವನ ಸಾವಿನೊಡನೆ ಲೆಕ್ಕ ಚುಕ್ತವಾಗುತ್ತದೆ. ಪ್ರೇಕ್ಷಕನು ದುಷ್ಟನನ್ನು ಗುರುತಿಸಿ, ತಾನು ಅವನಲ್ಲವೆಂಬ ಸಮಾಧಾನದಿಂದ ಮನೆಗೆ ಹೋಗಬಹುದು. ಸ್ಯಾಂಡ್ ಕೇವ್ ಪ್ರಕರಣವು ಅಂಥ ಸಮಾಧಾನವನ್ನು ಕೊಡುವುದಿಲ್ಲ. ಅಲ್ಲಿ ಮಿಲ್ಲರನು ಧೀರನು. ಬಾವಿ ತೋಡಿದವರು ಹಗಲಿರುಳು ದುಡಿದರು. ಕೆಂಟಕಿಯ ಸರ್ಕಾರವು ರಕ್ಷಣಾದಳವನ್ನು ಕಳುಹಿಸಿತು. ಮಿಲ್ಲರನ ವರದಿಗಳಿಲ್ಲದಿದ್ದರೆ ಆ ಕಾಡುಮೂಲೆಗೆ ಎಂಜಿನಿಯರುಗಳೂ ಸಲಕರಣೆಗಳೂ ಅಷ್ಟು ಬೇಗ ಬರುತ್ತಿರಲಿಲ್ಲವೆಂಬುದನ್ನೂ ಒಪ್ಪಬೇಕು. ಬಹುಮಂದಿ ತಮ್ಮ ತಮ್ಮ ಕರ್ತವ್ಯವನ್ನು ಮಾಡಿದರು. ಆದರೂ ಅವರೆಲ್ಲರ ಕರ್ತವ್ಯಗಳ ಮೊತ್ತವಾಗಿ ಒಬ್ಬ ಮನುಷ್ಯನ ಸಾವು ದೇಶದ ನೋಟವಾಯಿತು. ಚಿತ್ರವು ತೋರಿಸಿದುದಕ್ಕಿಂತ ಇದು ಹೆಚ್ಚು ಭಯಂಕರವಾದ ಸತ್ಯ. ದುಷ್ಟನಿಲ್ಲದೆಯೂ ಜಾತ್ರೆ ನೆರೆಯಬಲ್ಲುದು.

3

ದಿಢೀರನೆ ಬಂದ ಪ್ರಸಿದ್ಧಿಗೆ ಕಾಲಿನ್ಸನು ತೆತ್ತ ಬೆಲೆಯನ್ನೂ ಚಿತ್ರವು ಪೂರ್ಣವಾಗಿ ಕಂಡಿಲ್ಲ. ಚಿತ್ರದಲ್ಲಿ ಲಿಯೊನ ಸಾವು ಘೋಷಿತವಾದೊಡನೆ ಜನ ಚದುರುತ್ತಾರೆ, ಡೇರೆಗಳು ಬಿಚ್ಚುತ್ತವೆ, ಬಯಲು ಬರಿದಾಗುತ್ತದೆ. ಕಾಲಿನ್ಸನ ವಿಷಯದಲ್ಲಿ ಸಾವು ಪ್ರಸಿದ್ಧಿಯ ಕೊನೆಯಾಗಲಿಲ್ಲ.

ಅವನು ಇನ್ನೂ ನೆಲದೊಳಗಿದ್ದಾಗಲೇ ಅಪವಾದಗಳು ಹುಟ್ಟಿದುವು. ಅವನು ಸಿಕ್ಕಿಕೊಂಡೇ ಇಲ್ಲ, ಎಲ್ಲವೂ ಪ್ರಚಾರದ ಹೂಟ ಎಂದು ಕೆಲವರು ನುಡಿದರು. ಬೇಕೆಂದೇ ಅವನನ್ನು ಸಾಯಗೊಡಲಾಗುತ್ತಿದೆಯೆಂದು ಮತ್ತೆ ಕೆಲವರು ಹೇಳಿದರು. ಈ ಮಾತುಗಳು ಪತ್ರಿಕೆಗಳಲ್ಲಿಯೂ ಏರಿದುದರಿಂದ ಸರ್ಕಾರವು ಸೈನಿಕ ವಿಚಾರಣಾಮಂಡಲಿಯೊಂದನ್ನು ನೇಮಿಸಿ ಸಾಕ್ಷ್ಯ ತೆಗೆದುಕೊಳ್ಳಬೇಕಾಯಿತು. ಒಬ್ಬನು ನೆಲದಡಿಯಲ್ಲಿ ಹಸಿವು ಚಳಿಗಳಿಂದ ಪ್ರಾಣ ಬಿಡುತ್ತಿರುವಾಗ, ಅವನು ನಿಜವಾಗಿಯೂ ಅಲ್ಲಿರುವನೇ ಎಂದು ನೆಲದ ಮೇಲೆ ವಿಚಾರಣೆ! ಲೋಕದ ಕಣ್ಣು ಒಬ್ಬನ ಮೇಲೆ ಬಿದ್ದಮೇಲೆ ಅವನ ಕಷ್ಟವೂ ರುಜುವಾತನ್ನು ಬೇಡುತ್ತದೆ. ಪ್ರಸಿದ್ಧಿಯೂ ಸಂಶಯವೂ ಒಂದೇ ಬಂಡಿಯಲ್ಲಿ ಬರುತ್ತವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

ಸಾವಿನ ತರುವಾಯ ದೇಹವನ್ನು ಹೊರತೆಗೆಯುವುದು ಅಪಾಯಕರವೆಂದು ಅಲ್ಲಿಯೇ ಬಿಡಲಾಯಿತು. ಅದನ್ನು ಮೇಲಕ್ಕೆ ತರಲು ಹಣ ಬೇಕಾಗಿ, ತಮ್ಮನಾದ ಹೋಮರನು ರಂಗಮಂದಿರಗಳಲ್ಲಿ ನಿಂತು ಅಣ್ಣನ ಕಥೆಯನ್ನು ಹೇಳಬೇಕಾಯಿತು. ಶವಸಂಸ್ಕಾರಕ್ಕೂ ಪ್ರದರ್ಶನದ ಹಣವೇ ಗತಿಯಾಯಿತೆಂಬುದು ಗಮನಾರ್ಹ. 1925ರ ಏಪ್ರಿಲಿನಲ್ಲಿ ದೇಹವನ್ನು ತೆಗೆದು ಮನೆತನದ ಹೊಲದಲ್ಲಿ ಹೂಳಿದರು. ಅದೇ ವರ್ಷ ಅವನ ಸಾವನ್ನು ಕುರಿತ ಹಾಡೊಂದು ಗ್ರಾಮಫೋನ್ ತಟ್ಟೆಯ ಮೇಲೆ ಬಂದು ಬಹುವಾಗಿ ಮಾರಾಟವಾಯಿತು. 1927ರಲ್ಲಿ ತಂದೆಯು ಹೊಲವನ್ನೂ ಕ್ರಿಸ್ಟಲ್ ಕೇವನ್ನೂ ಮಾರಿದನು. ಕೊಂಡವನು ದೇಹವನ್ನು ಅಗೆದು ತೆಗೆದು, ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ಗುಹೆಯೊಳಗೆ ಪ್ರವಾಸಿಗಳ ನೋಟಕ್ಕೆ ಇರಿಸಿದನು. 1929ರಲ್ಲಿ ಅದು ಕಳವಾಯಿತು. ಸಮೀಪದಲ್ಲಿಯೇ ಸಿಕ್ಕಿತಾದರೂ ಕಲ್ಲಿನ ಕೆಳಗೆ ಸಿಕ್ಕಿದ್ದ ಎಡಗಾಲು ಇರಲಿಲ್ಲ. ಆ ಗುಹೆಯನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯು 1961ರಲ್ಲಿ ಕೊಂಡು ಮುಚ್ಚಿತು. 1989ರಲ್ಲಿ, ಬಂಧುಗಳ ಕೋರಿಕೆಯಂತೆ, ದೇಹವನ್ನು ಚರ್ಚಿನ ಶ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಸಾವಿಗೂ ಈ ಕೊನೆಯ ಸಮಾಧಿಗೂ ನಡುವೆ 64 ವರ್ಷಗಳು. ಬದುಕಿದ್ದಾಗ ಕ್ರಿಸ್ಟಲ್ ಕೇವಿಗೆ ಜನರನ್ನು ಕರೆತರಲಾರದೆ ಹೋದವನು ಸತ್ತಮೇಲೆ ತಾನೇ ಅಲ್ಲಿಯ ಆಕರ್ಷಣೆಯಾದನು.

ಕಥೆಯ ಒಡೆತನಕ್ಕೂ ವ್ಯಾಜ್ಯ ನಡೆಯಿತು. ಕಾಲಿನ್ಸನ ಕಥೆಯನ್ನು ಚಿತ್ರ ಮಾಡಬಹುದೆಂದು 1949ರಲ್ಲಿ ತಾನೇ ಸೂಚಿಸಿದ್ದೆನೆಂದು ವಿಕ್ಟರ್ ಡೆಸ್ನಿ ಎಂಬುವನು ವೈಲ್ಡರನ ಮೇಲೆ ದಾವೆ ಹೂಡಿದನು. 1956ರಲ್ಲಿ ಕ್ಯಾಲಿಫೋರ್ನಿಯದ ಶ್ರೇಷ್ಠ ನ್ಯಾಯಾಲಯವು ಆ ದಾವೆ ವಿಚಾರಣಾರ್ಹವೆಂದು ತೀರ್ಮಾನಿಸಿತು. ಸತ್ತವನ ಕಥೆಯಿಂದ ಯಾರಿಗೆಷ್ಟು ಸಲ್ಲಬೇಕೆಂಬ ಈ ವಾದದಲ್ಲಿ ಸತ್ತವನಿಗೆ ಸ್ಥಾನವಿರಲಿಲ್ಲ. ಶೋಷಣೆಯನ್ನು ಖಂಡಿಸಿದ ಕೃತಿಯೂ ಅದೇ ಸರಪಣಿಯ ಒಂದು ಕೊಂಡಿಯಾಯಿತು.

ಲಿಂಡ್‌ಬರ್ಗನ ಮುಂದಿನ ಜೀವನವೂ ಇಲ್ಲಿ ನೆನಪಾಗುತ್ತದೆ. 1927ರಲ್ಲಿ ಏಕಾಂಗಿಯಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಅವನು ಜಗತ್ಪ್ರಸಿದ್ಧನಾದನು. 1932ರಲ್ಲಿ ಅವನ ಶಿಶುವಿನ ಅಪಹರಣವೂ ಕೊಲೆಯೂ ನಡೆದಾಗ ಪತ್ರಿಕೆಗಳು ಅವನ ಮನೆಯನ್ನು ಮುತ್ತಿದುವು. ಆ ಕಾಟವನ್ನು ತಾಳಲಾರದೆ 1935ರ ಕೊನೆಯಲ್ಲಿ ಅವನು ಸಂಸಾರಸಮೇತ ಇಂಗ್ಲೆಂಡಿಗೆ ತೆರಳಿದನು. ಪರರ ದುಃಖದ ಚಿತ್ರಗಳನ್ನು ಹೊತ್ತು ಹಾರಿದವನ ದುಃಖವೇ ಹತ್ತು ವರ್ಷಗಳೊಳಗೆ ಚಿತ್ರವಾಯಿತು. ಇದು ಕರ್ಮಫಲವೆಂದು ಹೇಳಲು ಚರಿತ್ರಕಾರನಿಗೆ ಅಧಿಕಾರವಿಲ್ಲ. ಆ ಯಂತ್ರವು ತನ್ನವರನ್ನೂ ಪರರನ್ನೂ ಬೇರ್ಪಡಿಸುವುದಿಲ್ಲವೆಂದು ಮಾತ್ರ ಹೇಳಬಹುದು.

4

ಕೊನೆಯಲ್ಲಿ, ಚರಿತ್ರೆಯ ವಿದ್ಯಾರ್ಥಿಗಳಾದ ನಮ್ಮನ್ನೇ ತಟ್ಟುವ ಒಂದು ಪ್ರಶ್ನೆಯನ್ನು ಎತ್ತಬೇಕಾಗಿದೆ. ಬಿಲದೊಳಗೆ ಕಾಲಿನ್ಸನು ಆಡಿದ ಮಾತುಗಳಲ್ಲಿ ಬಹುಭಾಗ ನಮಗೆ ತಿಳಿದಿರುವುದು ಮಿಲ್ಲರನ ವರದಿಗಳಿಂದ. ಅವನನ್ನು ನೋಟವಾಗಿಸಿದ ಬರಹವೇ ಅವನ ಮನುಷ್ಯತ್ವಕ್ಕೂ ಸಾಕ್ಷಿ. ಆ ವರದಿಗಳನ್ನು ಬಿಟ್ಟರೆ ಕಾಲಿನ್ಸನು ಮೂಕನಾಗುತ್ತಾನೆ. ಹಿಡಿದರೆ ಜಾತ್ರೆಯ ಒಂದು ಮೂಲೆಯಲ್ಲಿ ನಾವೂ ನಿಂತಂತಾಗುತ್ತದೆ. ನೆರೆದ ಜನರ ಸಂಖ್ಯೆಯ ವಿಷಯದಲ್ಲಿಯೂ ಇದೇ ತೊಡಕು. ಆ ಭಾನುವಾರದ ಅಂದಾಜುಗಳು ಹತ್ತು ಸಾವಿರದಿಂದ ಐವತ್ತು ಸಾವಿರದವರೆಗೆ ಹಬ್ಬಿವೆ. ಜನರನ್ನು ಕರೆತಂದ ಪತ್ರಿಕೆಗಳೇ ಜನರನ್ನು ಎಣಿಸಿದುವು. ಇಂಥ ಆಕರಗಳನ್ನು ತ್ಯಜಿಸುವುದು ಪರಿಹಾರವಲ್ಲ. ಅವುಗಳ ಹುಟ್ಟಿನ ಸಂದರ್ಭವನ್ನು ಒರೆಗೆ ಹಚ್ಚಿ, ಅವು ಹೇಳದೆ ಬಿಟ್ಟುದನ್ನು ಬೇರೆಡೆಯಿಂದ ತುಂಬುವುದು ನಮ್ಮ ಕೆಲಸ. ಮರ್ರೆ ಮತ್ತು ಬ್ರಕರ್ ಎಂಬಿಬ್ಬರು 1979ರಲ್ಲಿ ಪ್ರಕಟಿಸಿದ 'ಟ್ರ್ಯಾಪ್ಡ್' ಎಂಬ ಗ್ರಂಥವು ಈ ಮಾರ್ಗದಲ್ಲಿ ಶ್ಲಾಘ್ಯವಾದ ಪ್ರಯತ್ನ. ಇವರಲ್ಲಿ ಒಬ್ಬನು ಚರಿತ್ರಕಾರ, ಇನ್ನೊಬ್ಬನು ಗುಹಾಶೋಧಕ. ಆ ಜೊತೆಗಾರಿಕೆಯಿಂದ ಕಾಲಿನ್ಸನ ಕಸುಬನ್ನು ಬಲ್ಲವರ ದೃಷ್ಟಿಯೂ ಕಥೆಗೆ ಬಂದಿದೆ.

ಆ ದೃಷ್ಟಿ ಅತ್ಯಗತ್ಯ. ರಾಬರ್ಟ್ ಪೆನ್ ವಾರನನು ಇದೇ ಘಟನೆಯಿಂದ ಪ್ರೇರಿತನಾಗಿ 1959ರಲ್ಲಿ 'ದ ಕೇವ್' ಎಂಬ ಕಾದಂಬರಿಯನ್ನು ಬರೆದನು. 1996ರಲ್ಲಿ ನ್ಯೂಯಾರ್ಕಿನಲ್ಲಿ ಕಾಲಿನ್ಸನ ಹೆಸರಿನದೇ ಒಂದು ಸಂಗೀತನಾಟಕ ಪ್ರದರ್ಶಿತವಾಯಿತು. ಇವೆಲ್ಲವೂ ಸುತ್ತುವುದು ಜನವರಿ 30ರಿಂದ ಫೆಬ್ರವರಿ 16ರವರೆಗಿನ 18 ದಿನಗಳ ಸುತ್ತಲೇ. ಆ ದಿನಗಳು 37 ವರ್ಷಗಳ ಒಂದು ಬಾಳನ್ನು ನುಂಗಿಬಿಟ್ಟಿವೆ. ಕ್ರಿಸ್ಟಲ್ ಕೇವ್ ಇರುವ ಫ್ಲಿಂಟ್ ದಿಬ್ಬದ ಗುಹಾಸಮೂಹವೂ ಮ್ಯಾಮತ್ ಕೇವೂ ನೆಲದೊಳಗೆ ಒಂದೇ ಎಂಬುದು 1972ರಲ್ಲಿ ಶೋಧಕರಿಂದ ಸಿದ್ಧವಾಯಿತು. ಜಗತ್ತಿನಲ್ಲಿಯೇ ಅತಿ ದೀರ್ಘವೆಂದು ಗಣಿತವಾದ ಆ ಗುಹಾಮಾರ್ಗದ ಒಂದು ಬಾಗಿಲನ್ನು 1917ರಲ್ಲಿ ತೆರೆದವನು, ಶಾಲೆಯ ವಿದ್ಯೆ ಹೆಚ್ಚಿಲ್ಲದ ಈ ರೈತ. ಕಾಲಿನ್ಸನ ನಿಜವಾದ ಕಾರ್ಯ ಇದು. ಅವನನ್ನು ಕುರಿತು ಮುಂದೆ ಬರೆಯುವವರು ಸ್ಯಾಂಡ್ ಕೇವಿನಿಂದಲ್ಲ, ಆ ಬಾಗಿಲಿನಿಂದ ಆರಂಭಿಸುವುದು ನ್ಯಾಯವೆನಿಸುತ್ತದೆ.